ದೊಡ್ಡವರಿಗೂ ಚೀಟಿ ಕೊಡಿ

ಆ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರು ಯಾರೂ ಇಲ್ಲ. ಪೇಪರ್ ಹಾಕುವವನಿಂದ ಹಿಡಿದು ಮೂಲೆ ಅಂಗಡಿಯವನವರೆಗೆ ಎಲ್ಲರ ಬಾಯಲ್ಲೂ ಅವರು ಚೀಟಿ ಟೀಚರು. ಇಪ್ಪತ್ತೊಂಬತ್ತು ವರ್ಷ ಒಂದೇ ಶಾಲೆ, ಒಂದೇ ನಾಲ್ಕನೇ ಕ್ಲಾಸು, ಒಂದು ಕಾಲು ಕುಂಟುವ ಅದೇ ಮೇಜು. ಅವರ ಕ್ಲಾಸಿನಲ್ಲಿ ಏನೇ ತೀರ್ಮಾನ ಆಗಬೇಕಾದರೂ ಚೀಟಿಯಲ್ಲೇ ಆಗಬೇಕು. ಕಣ್ಣುಮುಚ್ಚಿ ಎತ್ತುವ ಅದೃಷ್ಟದ ಚೀಟಿಯಲ್ಲ ಮತ್ತೆ! ಮನಸ್ಸಿನಲ್ಲಿರುವುದನ್ನು ಬರೆದು, ಮಡಚಿ, ಸೀಳು ಕೊರೆದ ಬಿಸ್ಕತ್ತು ಡಬ್ಬಕ್ಕೆ ಹಾಕಬೇಕು. ಆಮೇಲೆ ಎಲ್ಲರ ಎದುರು ಎಣಿಸಬೇಕು. ಈ ವಾರ ಕಿಟಕಿ ಪಕ್ಕ ಯಾವ ಬೆಂಚು, ಶನಿವಾರ ಕೊನೆಯ ಪೀರಿಯಡ್ಡಿಗೆ ಕಥೆಯೋ ಆಟವೋ, ಲೀಡರ್ ಯಾರು, ಎಲ್ಲಕ್ಕೂ ಅದೇ ಡಬ್ಬ.

ಒಂದು ಸಲ ಒಬ್ಬ ಕಿಲಾಡಿ ಒಂದೇ ಏಟಿಗೆ ಆರು ಚೀಟಿ ತುರುಕಿ ಸಿಕ್ಕಿಬಿದ್ದ. ಅಂದಿನಿಂದ ಟೀಚರು ಪ್ರತಿ ಚೀಟಿಗೂ ಮೊದಲೇ ಮೊಹರು ಒತ್ತಿ ತಲೆಗೊಂದರಂತೆ ಹಂಚತೊಡಗಿದರು. ಮೊಹರನ್ನು ಎಲ್ಲಿಂದ ತರುವುದು? ಕಾಪಿ ಪುಸ್ತಕದಲ್ಲಿ ಚೆನ್ನಾಗಿ ಬರೆದವರಿಗೆ ಒತ್ತುವ ‘ಭೇಷ್’ ಅನ್ನುವ ರಬ್ಬರ್ ಮೊಹರು ಇತ್ತಲ್ಲ, ಅದೇ ಸಾಕು. ಹೀಗಾಗಿ ಆ ಕ್ಲಾಸಿನಲ್ಲಿ ಗೆದ್ದವನ ಚೀಟಿಗೂ ಭೇಷ್, ಸೋತವನ ಚೀಟಿಗೂ ಭೇಷ್. ಮೊದಲ ಸಲ ನೋಡಿದಾಗ ಹೆಡ್‌ಮಾಸ್ಟರು ನಕ್ಕಿದ್ದೇ ನಕ್ಕಿದ್ದು.

ಕಾಪಿ ಬರೆಸುವುದರಲ್ಲಂತೂ ಅವರದು ಎತ್ತಿದ ಕೈ. ವರ್ಷದ ಮೊದಲಿಗೆ ಕಾಗೆ ಕಾಲು, ಗುಬ್ಬಿ ಕಾಲು ಬರೆಯುತ್ತ ಬಂದ ಮಕ್ಕಳು ಅರ್ಧ ವರ್ಷ ಕಳೆಯುವುದರೊಳಗೆ ಒಂದೇ ಅಚ್ಚಿನಲ್ಲಿ ತೆಗೆದಂಥ ದುಂಡಕ್ಷರ ಬರೆಯುತ್ತಿದ್ದರು. ಹೊರಗಿನವರು ನೋಡಿದರೆ ಮೂವತ್ತೊಂದು ಮಕ್ಕಳದೂ ಒಂದೇ ಕೈ. ಟೀಚರಿಗೆ ಮಾತ್ರ, ಅವಳಿ ಮಕ್ಕಳ ತಾಯಿಗೆ ಗೊತ್ತಾಗುವ ಹಾಗೆ, ಯಾವುದು ಯಾರದು ಅಂತ ಕಣ್ಣು ಹಾಯಿಸಿದ ಕೂಡಲೇ ಗೊತ್ತಾಗಿಬಿಡುತ್ತಿತ್ತು. ಗೊತ್ತಾದದ್ದನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದರು. ಯಾರು ಯಾರಿಗೆ ಹಾಕಿದರು ಅಂತ ಅಷ್ಟು ವರ್ಷದಲ್ಲಿ ಒಂದು ದಿನವೂ ತುಟಿ ಬಿಚ್ಚಿದವರಲ್ಲ.

ಮನೆಯಲ್ಲಿ ಇದ್ದದ್ದು ಅವರು, ಅವರ ಅಕ್ಕ, ಇಬ್ಬರೇ. ಅಕ್ಕ ಬೀದಿ ಕಡೆಯ ಕೋಣೆಯಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡು ಹರಿದದ್ದು, ಬಿಚ್ಚಿದ್ದು ಹೊಲಿದುಕೊಡುತ್ತಿದ್ದರು. ಬಾಯಿ ಮಿಷನ್ನಿಗಿಂತ ಜೋರು.

“ಮನೇಲೂ ಚೀಟಿ ಹಾಕೋಣ ಅನ್ನಬೇಡ ಮತ್ತೆ,” ಅನ್ನುತ್ತಿದ್ದರು. “ಇರೋರು ಇಬ್ಬರು. ಜನ್ಮದಲ್ಲಿ ತೀರ್ಮಾನ ಆಗಲ್ಲ.”

ಆ ವರ್ಷ ಕಾಲ ಕೆಟ್ಟಿತ್ತು. ಚುನಾವಣೆಯನ್ನು ಮೊದಲು ಆರು ತಿಂಗಳು ಮುಂದಕ್ಕೆ ಹಾಕಿದರು, ಆಮೇಲೆ ಒಂದು ವರ್ಷ, ಆಮೇಲೆ ಯಾವಾಗ ಅಂತ ಹೇಳುವುದನ್ನೇ ಬಿಟ್ಟರು. ನಗರಸಭೆಯ ಬಾಗಿಲಿಗೆ ಬೀಗ ಬಿತ್ತು. ಹನ್ನೆರಡು ಪುಟದ ಪೇಪರು ನಾಲ್ಕಕ್ಕೆ ಇಳಿಯಿತು, ಅದರಲ್ಲೂ ಎರಡು ಪುಟ ದೇಶದ ಅಧ್ಯಕ್ಷರ ಫೋಟೋ. ಬಸ್ ನಿಲ್ದಾಣದಲ್ಲಿ ಬಂದೂಕಿನವರು ಬಂದು ನಿಂತರು. ಬೀದಿಯ ಕೊನೆಯ ಮನೆಯ ಪ್ರೆಸ್ಸಿನವನನ್ನು ಹಾಡುಹಗಲೇ ಕರೆದುಕೊಂಡು ಹೋದರು. ಎರಡು ಮಾತು ಕೇಳಿ ಕಳಿಸ್ತೀವಿ ಅಂದವರು ಕಳಿಸಲೇ ಇಲ್ಲ. ಜನ ಸೋಪಿನ ಬೆಲೆ ಕೇಳುವಾಗಲೂ ದನಿ ತಗ್ಗಿಸತೊಡಗಿದರು.

“ಈಗಲಾದ್ರೂ ಆ ಡಬ್ಬಾನ ಅಟ್ಟಕ್ಕೆ ಹಾಕೇ,” ಅಂದರು ಅಕ್ಕ. “ಗೋಡೆಗೂ ಕಿವಿ ಇರೋ ಕಾಲ ಇದು. ನಿನಗ್ಯಾಕೆ ಬೇಕು ಊರ ಉಸಾಬರಿ?”

“ಕಿಟಕಿ ಪಕ್ಕ ಯಾರು ಕೂರೋದು ಅಂತ ಚೀಟಿ ಹಾಕಿದ್ರೆ ಯಾರ ಕುರ್ಚಿ ಅಲ್ಲಾಡುತ್ತೆ ಅಕ್ಕಾ? ದೊಡ್ಡವರು ಮರೆತ್ರೆ ಮರೀಲಿ. ಈ ಮಕ್ಕಳಿಗಾದ್ರೂ ನೆನಪಿರಲಿ.”

“ಹೂಂ, ನೆನಪಿಟ್ಕೊಂಡು ಉದ್ಧಾರ ಆಗ್ತಾರೆ,” ಅಂತ ಅಕ್ಕ ಮಿಷನ್ನು ತುಳಿದರು.

ಆ ವರ್ಷದ ಲೀಡರು ಬಸ್ ಡ್ರೈವರನ ಮಗ. ಚುರುಕು ಅಂದರೆ ಚುರುಕು, ಪೊಟ್ಟಣ ಕಟ್ಟಿದ ಕಾಗದವನ್ನೂ ಬಿಡಿಸಿ ಓದುವ ಹುಡುಗ. ಒಂದು ದಿನ ಎಣಿಕೆ ಮುಗಿದ ಮೇಲೆ ಎದ್ದು ನಿಂತ.

“ಟೀಚರ್, ನಮ್ಮಪ್ಪ ಯಾಕೆ ಚೀಟಿ ಹಾಕಲ್ಲ?”

“ದೊಡ್ಡವರದ್ದು ಸದ್ಯಕ್ಕೆ ನಿಲ್ಸಿದ್ದಾರೆ ಕಣೋ.”

“ಅವರೇನು ತಪ್ಪು ಮಾಡಿದ್ರು?”

ಟೀಚರು ಬೋರ್ಡಿನ ಕಡೆ ತಿರುಗಿ, ಅಳಿಸಿದ್ದನ್ನೇ ಮತ್ತೊಮ್ಮೆ ಅಳಿಸಿದರು. ಉತ್ತರ ಇರಲಿಲ್ಲ ಅಂತಲ್ಲ. ಕಿಟಕಿ ತೆರೆದಿತ್ತು.

ಅದೇ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗಿ. ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಹೆಂಗಸಿನ ಮಗಳು. ಹಾಜರಿ ಕೂಗಿದಾಗ ಅವಳು ಓಗೊಟ್ಟದ್ದು ಅವಳಿಗಾದರೂ ಕೇಳಿಸುತ್ತಿತ್ತೋ ಇಲ್ಲವೋ, ಅಷ್ಟು ಸಣ್ಣ ದನಿ. ಮಕ್ಕಳು ‘ಪಿಸುಮಾತಿ’ ಅಂತ ಹೆಸರಿಟ್ಟು ಅದೇ ಖಾಯಂ ಆಗಿತ್ತು. ಡಬ್ಬ ಮೇಜಿನ ಮೇಲೆ ಬಂದ ದಿನ ಮಾತ್ರ ಆ ಮುಖ ಅರಳುತ್ತಿತ್ತು. ಬಾಯಲ್ಲಿ ಬಾರದ್ದನ್ನು ಬರೆದು ಹಾಕಬಹುದು. ಎಣಿಸುವಾಗ ಲೀಡರನ ಚೀಟಿಯೂ ಒಂದೇ, ತನ್ನ ಚೀಟಿಯೂ ಒಂದೇ. ಟೀಚರು ಅಷ್ಟು ವರ್ಷ ಆ ಡಬ್ಬವನ್ನು ಕಾಪಾಡಿಕೊಂಡು ಬಂದದ್ದು ಇಂಥ ಮಕ್ಕಳಿಗಾಗಿಯೇ.

ಒಂದು ಬುಧವಾರ ಬೆಳಿಗ್ಗೆ ಶಾಲೆಯ ಗೇಟಿನ ಮುಂದೆ ಗುಂಪು ಕೂಡಿತ್ತು. ಸುತ್ತೋಲೆ ಬಂದ ಮೇಲೆ ಅಲ್ಲಿ ಅಧ್ಯಕ್ಷರ ದೊಡ್ಡ ಫೋಟೋ ತೂಗುಹಾಕಿದ್ದರು. ಅದರ ಬಾಯಿಯ ಮೇಲೆ ಸರಿಯಾಗಿ, ಅಳತೆ ತೆಗೆದಂತೆ, ಒಂದು ಚೀಟಿ ಅಂಟಿತ್ತು. ‘ದೊಡ್ಡವರಿಗೂ ಚೀಟಿ ಕೊಡಿ.’ ಕೆಳಗೆ ನೇರಳೆ ಶಾಯಿಯಲ್ಲಿ: ಭೇಷ್.

ಅಯ್ಯೋ ದೇವರೇ, ಟೀಚರಿಗೆ ಮೊದಲು ಬಂದದ್ದು ನಗು! ಆಮೇಲೆ ‘ದೊಡ್ಡ’ದ ಒತ್ತು ಕಣ್ಣಿಗೆ ಬಿತ್ತು. ಮೇಲಿನ ಅಕ್ಷರದ ಕೈಬಿಟ್ಟು ಸಾಲಿನಿಂದ ಕೆಳಕ್ಕೆ ಜಾರಿದ ಆ ಒತ್ತನ್ನು ಅವರು ಕೆಂಪು ಶಾಯಿಯಲ್ಲಿ ಕಡಿಮೆಯೆಂದರೆ ನೂರು ಸಲ ತಿದ್ದಿದ್ದರು. ಡ್ರೈವರನ ಮಗನದು. ಶನಿವಾರದ ಎಣಿಕೆಯಲ್ಲಿ ಒಂದು ಚೀಟಿ ಕಡಿಮೆ ಬಂದದ್ದು, ಯಾರೋ ಹಾಕಲು ಮರೆತಿರಬೇಕು ಅಂತ ತಾವು ಸುಮ್ಮನಾದದ್ದು ನೆನಪಾಯಿತು.

ಹನ್ನೊಂದು ಗಂಟೆಗೆ ವಿಚಾರಣೆಯ ಸಾಹೇಬ ಬಂದ. ಹೊರಗೆ ಇಬ್ಬರು ಪೊಲೀಸರನ್ನು ನಿಲ್ಲಿಸಿ, ಹೆಡ್‌ಮಾಸ್ಟರನ್ನು ಹಿಂದಿಟ್ಟುಕೊಂಡು ಒಳಗೆ ಬಂದ. ಗದರುವವನಲ್ಲ, ನಗುನಗುತ್ತ ಮಾತಾಡುವವನು. ಅಂಥವರನ್ನು ಕಂಡರೇ ಹೆಚ್ಚು ಹೆದರಬೇಕು. ಕಾಪಿ ಪುಸ್ತಕಗಳನ್ನೆಲ್ಲ ಮೇಜಿನ ಮೇಲೆ ಹರವಿ, ಚೀಟಿಯನ್ನು ಒಂದೊಂದರ ಪಕ್ಕ ಇಟ್ಟು ನೋಡಿದ. ಎಲ್ಲವೂ ಒಂದೇ ಥರ. ಅರ್ಧ ಗಂಟೆ ನೋಡಿ ಕನ್ನಡಕ ತೆಗೆದ.

“ಯಾರದು ಮೇಡಂ ಈ ಕೈ?”

“ಗೊತ್ತಾಗ್ತಿಲ್ಲ ಸಾರ್.”

ಆ ಕೋಣೆಯಲ್ಲಿ ಅವರಾಡಿದ ಮೊದಲ ಸುಳ್ಳು ಅದು. ಸಾಹೇಬ ಮಕ್ಕಳನ್ನು ಕೇಳಿದ. ಮೂವತ್ತೊಂದು ತಲೆಗಳೂ ತಗ್ಗಿದವು. ಆಗ ಅವನ ಕಣ್ಣು ಕಪಾಟಿನ ಮೇಲಿನ ಡಬ್ಬದ ಮೇಲೆ ಬಿತ್ತು.

“ಓಹೋ, ಇದೇನಾ ಅದು? ಒಳ್ಳೇ ಪದ್ಧತಿ ಕಲಿಸಿದ್ದಾರೆ ನಿಮ್ಮ ಟೀಚರು. ಹಂಗಾದ್ರೆ ನೀವೇ ತೀರ್ಮಾನ ಮಾಡಿ ಮಕ್ಕಳೇ. ಈ ತರಲೆ ಕೆಲಸ ಯಾರದು ಅಂತ ಒಬ್ಬೊಬ್ಬರೂ ಒಂದು ಹೆಸರು ಬರೆದು ಹಾಕಿ. ಯಾರಿಗೆ ಹೆಚ್ಚು ಬೀಳುತ್ತೋ ಅವರೇ ಮಾಡಿದ್ದು. ನಾನು ನಡುವೆ ಬಾಯಿ ಹಾಕಲ್ಲ.” ಆಮೇಲೆ ಇವರ ಕಡೆ ತಿರುಗಿ ಕೇಳಿದ, “ಏನಂತೀರಿ ಮೇಡಂ? ನಿಮ್ಮದೇ ಪದ್ಧತಿ. ತಕರಾರಿಲ್ಲ ತಾನೇ?”

ಇಲ್ಲೇ ಟೀಚರು ಎಡವಿದ್ದು. ಬೇರೆ ಯಾವ ಟೀಚರೂ ಎಡವುತ್ತಿರಲಿಲ್ಲ, ಬೇರೆಯವರ ಕ್ಲಾಸಿನಲ್ಲಿ ಡಬ್ಬವೇ ಇರಲಿಲ್ಲವಲ್ಲ! ಆಗುವುದಿಲ್ಲ, ಇದು ಚೀಟಿ ಹಾಕುವ ವಿಷಯವಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಹೆದರಿಕೆ ಇತ್ತು, ನಿಜ. ಆದರೆ ಹೆದರಿಕೆಗಿಂತ ಹೆಚ್ಚಾಗಿ ಅವರೊಳಗೆ ಒಂದು ಹೆಮ್ಮೆ ಇತ್ತು. ನನ್ನ ಮಕ್ಕಳು, ನಾನು ತಿದ್ದಿದ ಮಕ್ಕಳು, ಯಾರ ಹೆಸರನ್ನೂ ಬರೆಯುವುದಿಲ್ಲ. ಮೂವತ್ತೊಂದು ಖಾಲಿ ಚೀಟಿ ಹಾಕಿ ಈ ಮನುಷ್ಯನ ಮುಖಕ್ಕೆ ಮಂಗಳಾರತಿ ಎತ್ತುತ್ತಾರೆ ಅಂತ ನಂಬಿಬಿಟ್ಟರು. ತಮ್ಮ ಕೈಯಾರೆ ಮೊಹರು ಒತ್ತಿದರು. ತಮ್ಮ ಕೈಯಾರೆ ಹಂಚಿದರು.

ಲೀಡರನ ಮುಖ ಸುಣ್ಣ ಬಳಿದ ಗೋಡೆಯಾಗಿತ್ತು. ಅವನು ಬಗ್ಗಿ ಹಿಂದಿನ ಬೆಂಚಿಗೆ ಏನೋ ಅಂದ. ಅಲ್ಲಿಂದ ಅದರ ಹಿಂದಿನ ಬೆಂಚಿಗೆ, ಅಲ್ಲಿಂದ ಮೂಲೆಗೆ, ತುಟಿಗಳು ಅಲ್ಲಾಡುತ್ತ ಹೋದವು. ಖಾಲಿ ಹಾಕಿ ಅಂತ ಹೇಳಿಕಳಿಸುತ್ತಿದ್ದಾನೆ, ಜಾಣ, ಅಂದುಕೊಂಡರು ಟೀಚರು.

ಸಾಹೇಬ ತಾನೇ ಡಬ್ಬ ಮಗುಚಿ, ಒಂದೊಂದೇ ಬಿಡಿಸಿ, ಗಟ್ಟಿಯಾಗಿ ಓದಿ ಮೇಜಿನ ಮೇಲೆ ಇಡುತ್ತ ಹೋದ. ಪಿಸುಮಾತಿ. ಪಿಸುಮಾತಿ. ಖಾಲಿ. ಪಿಸುಮಾತಿ. ಟೀಚರು ಎದುರು ನಿಂತು ನೋಡುತ್ತಿದ್ದರು, ಅವರಿಗೆ ಓದುವುದೇ ಬೇಕಿರಲಿಲ್ಲ. ಇದು ಮೊದಲ ಬೆಂಚಿನ ಅಳುಮುಂಜಿಯದು, ಹಲ್ಲುನೋವು ಅಂತ ನಿನ್ನೆ ತಾನೇ ಇವರ ಮಡಿಲಲ್ಲಿ ಮಲಗಿದ್ದವಳು. ಇದು ಪಕ್ಕದ ಬೀದಿಯ ಕ್ಷೌರಿಕನ ಮಗನದು. ಇದು ಡ್ರೈವರನ ಮಗನದು, ಆತುರಕ್ಕೆ ಅಕ್ಷರ ಓರೆಯಾಗಿದೆ, ಅವನೂ ಅದೇ ಹೆಸರು ಬರೆದಿದ್ದಾನೆ. ಒಬ್ಬೊಬ್ಬರ ಕೈಯೂ ಗೊತ್ತು, ಒಂದನ್ನೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಕೊನೆಗೊಂದು ಚೀಟಿ ಬಂತು, ಇರುವೆ ಸಾಲಿನಷ್ಟು ಸಣ್ಣ ಅಕ್ಷರದ್ದು. ಅದರಲ್ಲೂ ಪಿಸುಮಾತಿ. ಬರೆದವಳು ಪಿಸುಮಾತಿಯೇ.

ಮೂರು ಖಾಲಿ, ಇಪ್ಪತ್ತೆಂಟು ಪಿಸುಮಾತಿ. “ಯಾರಮ್ಮ ಅದು?” ಅಂತ ಸಾಹೇಬ ಕೇಳುವ ಮೊದಲೇ ಕೊನೆಯ ಬೆಂಚಿನ ಹುಡುಗಿ ಎದ್ದು ನಿಂತಿದ್ದಳು. ಅಳಲಿಲ್ಲ, ಅಲ್ಲ ಅನ್ನಲೂ ಇಲ್ಲ. ಸಾಹೇಬ ಹಾಜರಿ ಪುಸ್ತಕದಿಂದ ಅವಳ ಹೆಸರನ್ನೂ ತಾಯಿಯ ಹೆಸರನ್ನೂ ಇಳಿಸಿಕೊಂಡು, ಆಸ್ಪತ್ರೆಯಿಂದ ತಾಯಿಯನ್ನು ಕರೆತರಲು ಹೊರಗಿದ್ದವರಿಗೆ ಸನ್ನೆ ಮಾಡಿದ.

“ಅದನ್ನ ಬರೆದಿದ್ದು ನಾನು,” ಅಂದರು ಟೀಚರು.

ಸಾಹೇಬನಿಗೆ ನಗು ಬಂತು. “ಕೂತ್ಕೊಳ್ಳಿ ಮೇಡಂ. ಇದು ಮಕ್ಕಳ ಕೈ.”

“ಮಕ್ಕಳಿಗೆ ಕೈ ಕೊಟ್ಟೋಳು ನಾನೇ.”

ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ ಬರೆದರು: ದೊಡ್ಡವರಿಗೂ ಚೀಟಿ ಕೊಡಿ. ಚೀಟಿಯಲ್ಲಿದ್ದಂತೆಯೇ, ಜಾರಿದ ಒತ್ತಿನ ಸಮೇತ. ಸಾಹೇಬ ಚೀಟಿ ನೋಡಿದ, ಬೋರ್ಡು ನೋಡಿದ, ಮತ್ತೆ ಚೀಟಿ ನೋಡಿದ. ನಂಬಿದನೋ ಬಿಟ್ಟನೋ ಯಾರಿಗೆ ಗೊತ್ತು. ಬಟ್ಟೆ ಒಗೆಯುವವಳ ಮಗಳನ್ನು ಹಿಡಿದೆ ಅನ್ನುವುದಕ್ಕಿಂತ ಟೀಚರನ್ನು ಹಿಡಿದೆ ಅಂದರೆ ಮೇಲಿನವರ ಮುಂದೆ ಕಳೆ ಹೆಚ್ಚು, ಅಷ್ಟು ಲೆಕ್ಕ ಗೊತ್ತಿಲ್ಲದ ಮನುಷ್ಯನಲ್ಲ ಆತ. ಪೊಲೀಸರನ್ನು ಒಳಗೆ ಕರೆದ.

ಟೀಚರು ಮಕ್ಕಳ ಕಡೆ ತಿರುಗಿದರು. “ನೋಡ್ರಪ್ಪಾ, ಒಂದು ಮಾತು. ಶನಿವಾರ ಏನು ಆಡೋಣ ಅಂತ ಚೀಟಿ ಹಾಕಬಹುದು. ಇದನ್ನ ಯಾರು ಮಾಡಿದ್ದು ಅಂತ ಚೀಟಿ ಹಾಕೋಕೆ ಬರಲ್ಲ. ಎಷ್ಟು ಜನ ಹೇಳಿದ್ರೂ ಬರಲ್ಲ. ಅದನ್ನ ನಾನು ನಿಮಗೆ ಹೇಳಿಕೊಡಲೇ ಇಲ್ಲ. ತಪ್ಪು ನನ್ನದು...”

“ಪಾಠ ಮುಗೀತು ಮೇಡಂ,” ಅಂದ ಸಾಹೇಬ. “ನಡೀರಿ.”

ಹೆಡ್‌ಮಾಸ್ಟರು ಕಿಟಕಿಯ ಹೊರಗೆ ಏನನ್ನೋ ಬಹಳ ಗಮನವಿಟ್ಟು ನೋಡುತ್ತಿದ್ದರು. ಮಕ್ಕಳಲ್ಲಿ ಯಾರು ಅತ್ತರು, ಯಾರು ಸುಮ್ಮನಿದ್ದರು ಅಂತ ಟೀಚರಿಗೆ ನೋಡಲಾಗಲಿಲ್ಲ, ಕಣ್ಣು ತುಂಬಿ ಎಲ್ಲ ಮುಖಗಳೂ ಕಲಸಿಹೋಗಿದ್ದವು.

ಹದಿಮೂರು ದಿನ ಇಟ್ಟುಕೊಂಡಿದ್ದರು. ಹೊಡೆಯಲಿಲ್ಲ. ಒಂದು ಮರದ ಬೆಂಚು, ಒಂದೇ ಪ್ರಶ್ನೆ, ದಿನಕ್ಕೊಬ್ಬ ಹೊಸ ಮನುಷ್ಯ. ಕೊನೆಗೆ ಇನ್ನು ಯಾವ ಶಾಲೆಯ ಮೆಟ್ಟಿಲನ್ನೂ ಹತ್ತುವುದಿಲ್ಲ ಅಂತ ಬರೆಸಿಕೊಂಡು ಮನೆಗೆ ಕಳಿಸಿದರು. ಅಲ್ಲೂ ಅವರ ಅಕ್ಷರ ದುಂಡಗೆ, ಸಾಲು ತಪ್ಪದೆ ಬಂದಿತ್ತಂತೆ. ಗುಮಾಸ್ತನೊಬ್ಬ ಚೆಂದ ಬರೀತೀರಿ ಅಂದನಂತೆ. ಮನೆಗೆ ಬಂದಾಗ ಅಕ್ಕ ಬೈಯಲಿಲ್ಲ. ಬಿಸಿನೀರು ಕಾಯಿಸಿಟ್ಟು, ತಲೆ ಬಾಚಿ, ತಟ್ಟೆಗೆ ಬಡಿಸಿ ಎದುರು ಕೂತರು. ಆ ಬಾಯಿ ಮುಚ್ಚಿದ್ದು ಕಂಡೇ ಟೀಚರಿಗೆ ಅಳು ಬಂದದ್ದು.

“ಒಂದ್ಸಲ ಬೈದುಬಿಡೇ ಅಕ್ಕಾ.”

“ಏನಂತ ಬೈಲಿ?” ಅಂದರು ಅಕ್ಕ. “ಊಟ ಮಾಡು.”

ಟೀಚರಿಗೆ ಕೆಲಸ ಹೋದದ್ದು ಸಂಕಟವಲ್ಲ ಅಂತಲ್ಲ. ಬೆಳಿಗ್ಗೆ ಎಂಟೂವರೆಗೆ ಕಾಲು ತಾನಾಗಿ ಚಪ್ಪಲಿ ಹುಡುಕುತ್ತಿತ್ತು. ಆದರೆ ಮನಸ್ಸಿನಿಂದ ಹೋಗದೆ ಕೂತದ್ದು ಆ ಇಪ್ಪತ್ತೆಂಟು ಚೀಟಿ. ಇಪ್ಪತ್ತೊಂಬತ್ತು ವರ್ಷ ತಾನು ಕಲಿಸಿದ್ದು ಇದನ್ನೇನಾ? ಬೇರೆಯವರಾದರೆ ಹೆದರಿದ ಮಕ್ಕಳು, ಏನು ಮಾಡ್ಯಾವು ಪಾಪ ಅಂತ ಸಮಾಧಾನ ಮಾಡಿಕೊಳ್ಳಬಹುದಿತ್ತು. ಇವರಿಗೆ ಒಂದೊಂದು ಚೀಟಿಯ ಹಿಂದೆಯೂ ಒಂದೊಂದು ಮುಖ ಕಾಣುತ್ತಿತ್ತು. ಡ್ರೈವರನ ಮಗ ಬೀದಿಯಲ್ಲಿ ಎದುರಾದರೆ ಆಚೆ ಬದಿಗೆ ದಾಟಿಬಿಡುತ್ತಿದ್ದ. ಒಂಬತ್ತು ವರ್ಷದ ಕೂಸು. ಬೈಯಲು ಬಾಯಿ ಬರುವುದಿಲ್ಲ, ಬೈಯದೆ ಇರಲೂ ಮನಸ್ಸು ಒಪ್ಪುವುದಿಲ್ಲ. ಟೀಚರು ಮಾತ್ರ ಅವನನ್ನು ಕಂಡಾಗಲೆಲ್ಲ ನಿಂತು, ಅವನು ತಿರುವು ದಾಟುವವರೆಗೂ ನೋಡುತ್ತಿದ್ದರು. ಒಮ್ಮೆ ತಿರುಗಿ ನೋಡಿದರೆ ಸಾಕಿತ್ತು, ಕರೆಯುತ್ತಿದ್ದರು.

ತಿಂಗಳ ಮೇಲಾಗಿತ್ತು. ಒಂದು ಮಧ್ಯಾಹ್ನ ಅಕ್ಕ ಗುಂಡಿ, ದಾರ ತರಲು ಹೋಗಿದ್ದಾಗ ಮಿಷನ್ನಿನ ಕೋಣೆಯ ಬಾಗಿಲಲ್ಲಿ ನೆರಳು ಬಿತ್ತು. ಪಿಸುಮಾತಿ. ಕೈಯಲ್ಲಿ ತೋಳು ಹರಿದ ತಾಯಿಯ ರವಿಕೆ. ಒಳಗೆ ಬಾ ಅಂದರೂ ಹೊಸಿಲಲ್ಲೇ ನಿಂತಳು. ಟೀಚರೇ ಹೋಗಿ ಕೈಹಿಡಿದು ತಂದು ಸ್ಟೂಲಿನ ಮೇಲೆ ಕೂರಿಸಿದರು.

ಶಾಲೆ ಹೇಗಿದೆ ಅಂತ ಕೇಳಿದ್ದಕ್ಕೆ ಒಂದೊಂದೇ ಮಾತು ಬಂತು. ಹೊಸ ಟೀಚರು ಬಂದಿದ್ದಾರೆ. ಲೀಡರನ್ನು ಹೆಡ್‌ಮಾಸ್ಟರೇ ಆರಿಸುತ್ತಾರೆ. ತನ್ನ ಬೆಂಚಿನಲ್ಲಿ ಈಗ ತಾನೊಬ್ಬಳೇ. ಸಾಹೇಬರು ಬರೆದುಕೊಂಡ ಹೆಸರನ್ನು ಆ ಕಚೇರಿಯಲ್ಲಿ ಹೊಡೆದುಹಾಕಿಲ್ಲವಂತೆ, ಅದಕ್ಕೇ ಅಮ್ಮನನ್ನು ವಾರಕ್ಕೊಮ್ಮೆ ಕರೆಸುತ್ತಾರೆ.

ಟೀಚರು ರವಿಕೆಯ ತೋಳನ್ನು ಸುಮ್ಮನೆ ಮಡಚುತ್ತ, ಬಿಡಿಸುತ್ತ ಕೂತರು. ಕೊನೆಗೆ, ಅಷ್ಟು ದಿನ ಮನಸ್ಸನ್ನು ಕೊರೆಯುತ್ತಿದ್ದದ್ದನ್ನು ಕೇಳಿಯೇಬಿಟ್ಟರು.

“ನಿನ್ನ ಹೆಸರನ್ನ ನೀನೇ ಯಾಕೆ ಬರೆದೆ ಪುಟ್ಟಾ? ಹೆದರಿಕೆ ಆಯ್ತಾ?”

ಹುಡುಗಿ ತಲೆಯಾಡಿಸಿದಳು, ಇಲ್ಲ ಅಂತ.

“ಮತ್ತೆ?”

“ಮುಂದಿನ ಬೆಂಚಿನವರು ಹೇಳಿದ್ರು, ಎಲ್ಲರೂ ಪಿಸುಮಾತಿ ಅಂತ ಬರೀತಿದ್ದಾರೆ, ನೀನೂ ಬರಿ ಅಂತ. ಎಲ್ಲರೂ ಬರೀತಿದ್ದಾರೆ ಅಂದ್ರೆ ನಾನೇ ಮಾಡಿರಬೇಕು ಅನ್ನಿಸ್ತು. ನನಗೇ ನೆನಪಿಲ್ವೇನೋ ಅನ್ನಿಸ್ತು. ಈಗ್ಲೂ ಒಂದೊಂದ್ಸಲ ಅನ್ಸುತ್ತೆ.” ಮುಖ ಎತ್ತಿ ಕೇಳಿದಳು, “ಟೀಚರ್, ನಿಜವಾಗ್ಲೂ ನಾನು ಬರೆದಿಲ್ವಾ?”

ಟೀಚರು ಹುಡುಗಿಯ ಎರಡೂ ಕೈ ಹಿಡಿದುಕೊಂಡರು.

“ಇಲ್ಲ ಕಂದಾ. ನೀನು ಬರೆದಿಲ್ಲ. ಇಪ್ಪತ್ತೆಂಟು ಜನ ಅಲ್ಲ, ಇಡೀ ಊರೇ ಹೇಳಿದ್ರೂ ನೀನು ಬರೆದಿಲ್ಲ. ನಾನು ಕಣ್ಣಾರೆ ನೋಡಿದ್ದೀನಿ, ಅದು ನಿನ್ನ ಕೈಯಲ್ಲ. ಹೇಳು ನೋಡೋಣ, ನಾನು ಬರೆದಿಲ್ಲ ಅಂತ ಹೇಳು.”

ಹುಡುಗಿಯ ತುಟಿ ಅಲ್ಲಾಡಿತು, ದನಿ ಹೊರಡಲಿಲ್ಲ.

“ಗಟ್ಟಿಯಾಗಿ ಹೇಳು ನನ್ನವ್ವ. ನಾನಿಲ್ಲೇ ಇದ್ದೀನಿ.”

ಹುಡುಗಿ ಬೀದಿಯ ಕಡೆ ನೋಡಿದಳು. ಕೈ ಬಿಡಿಸಿಕೊಂಡು ಎದ್ದು, ಹೋಗಿ ಬಾಗಿಲು ಹಾಕಿದಳು, ಚಿಲಕವನ್ನೂ ಹಾಕಿದಳು. ತಿರುಗಿ ಬಂದು ಸ್ಟೂಲಿನ ಮೇಲೆ ಕೂತು, ಆಮೇಲೆ ಹೇಳಿದಳು.